ಸಿಪಿಯು ಚಾಲೂ ಆಗವಲ್ದು

ವೈಶಾಖದ ಲಗ್ನಗಳು ಶುರುವಾದವೆಂದರೆ ಗದುಗಿನ ಪ್ರೆಸ್ಸಿನವರಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಮುಂಡರಗಿ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದ ಹಿರಿಯರು ಲಗ್ನಪತ್ರಿಕೆಯ ಕರಡು ಹಿಡಿದು ಬೆಂಚಿನ ಮೇಲೆ ಕೂತಿರುತ್ತಾರೆ. ಬೀಗರ ಹೆಸರು ಒಂದೂ ತಪ್ಪಬಾರದು, ಮನೆದೇವರ ಹೆಸರು ಎಲ್ಲಕ್ಕಿಂತ ಮೇಲೆ ಬರಬೇಕು, ಸಂಜೆ ಬಸ್ಸಿಗೆ ಹೊರಡುವಾಗ ಪತ್ರಿಕೆಯ ಗಂಟು ಕೈಯಲ್ಲಿರಬೇಕು. ಅಂಥ ಹೊತ್ತಿನಲ್ಲೇ ಡಿಟಿಪಿ ಮಾಡುವ ಹುಡುಗ ಸಿಪಿಯು ಗುಂಡಿ ಒತ್ತುತ್ತಾನೆ. ಒಳಗಿನಿಂದ ಸದ್ದಿಲ್ಲ. ಮತ್ತೊಮ್ಮೆ ಒತ್ತುತ್ತಾನೆ. ಫ್ಯಾನು ತಿರುಗುವುದಿಲ್ಲ, ಮುಂದಿನ ಹಸಿರು ದೀಪ ಹತ್ತುವುದಿಲ್ಲ. ‘ಅಣ್ಣಾ, ಸಿಪಿಯು ಚಾಲೂನ ಆಗವಲ್ದು’ ಎಂದು ರಿಪೇರಿಯವರಿಗೆ ಫೋನು ಹೋಗುತ್ತದೆ. ‘ಮೊದಲ ಹಿಂದಿನ ವೈರ್ ಗಟ್ಟಿ ಕುಂತೈತೇನ ನೋಡಪಾ’ ಎಂದು ಆ ಕಡೆಯಿಂದ ಉತ್ತರ ಬರುತ್ತದೆ.

ಗದಗ–ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಕಂಪ್ಯೂಟರ್ ಬಂದ ದಿನದಿಂದ ಈ ಎರಡು ಮಾತು ಜೋಡಿಯಾಗಿಯೇ ನಡೆದುಬಂದಿವೆ. ನಿಂತುಹೋದ ಒಂದು ಡಬ್ಬಿಯನ್ನು ಎಬ್ಬಿಸುವ ಈ ಕಸುಬಿಗೆ ಇಲ್ಲಿ ತನ್ನದೇ ಇತಿಹಾಸವಿದೆ. ಅದರ ಬೇರು ಹುಡುಕಿಕೊಂಡು ಹೋದರೆ ಸೀಸದ ಮೊಳೆ, ರೇಡಿಯೋ, ಪಂಪ್‌ಸೆಟ್ಟು, ಪಹಣಿ ಎಲ್ಲವೂ ಸಿಗುತ್ತವೆ.

ಗದಗ ಅಕ್ಷರದ ಊರು. ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ, ಮೈಮೇಲಿನ ಒದ್ದೆ ಬಟ್ಟೆ ಆರುವ ತನಕ ಕುಮಾರವ್ಯಾಸ ಭಾರತ ಬರೆಯುತ್ತಿದ್ದನೆಂದು ಊರ ಜನ ಇವತ್ತಿಗೂ ಆ ಕಂಬ ತೋರಿಸಿ ಹೇಳುತ್ತಾರೆ. ಮುದ್ರಣದ ಮಾತಿಗೆ ಬಂದರೆ ಊರಿನ ದೆಸೆ ತಿರುಗಿದ್ದು ರೈಲಿನಿಂದ. 1884ರಲ್ಲಿ ಹೊಟಗಿ ಕಡೆಯಿಂದ ಮೀಟರ್ ಗೇಜ್ ಹಳಿ ಗದುಗಿಗೆ ಬಂದು ಮುಟ್ಟಿತು. ಹತ್ತಿಯ ಅಂಡಿಗೆ ಆ ದಾರಿಯಲ್ಲಿ ಹೊರಗೆ ಹೋಯಿತು. ಕಾಗದ, ಮಸಿ, ಯಂತ್ರಗಳಿಗೆ ಒಳಗೆ ಬರುವ ದಾರಿಯೂ ಆಯಿತು. ಪಕ್ಕದ ಬೆಟಗೇರಿ ನೇಕಾರರ ಊರು. ಬಾಸೆಲ್ ಮಿಷನ್ನಿನವರು 1841ರಷ್ಟು ಹಿಂದೆಯೇ ಅಲ್ಲಿ ಬಿಡಾರ ಹೂಡಿದ್ದರು.

ನಾಟಕದವರೂ ಈ ಊರನ್ನು ಬಿಡಲಿಲ್ಲ. ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿ ಇಲ್ಲಿಯೇ ಕನ್ನಡ ನಾಟಕ ಮಂಡಳಿ ಕಟ್ಟಿದರು. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದುಗಿನ ಹೆಸರನ್ನು ನಾಡೆಲ್ಲ ಹೊತ್ತು ತಿರುಗಿತು. ನಾಟಕ ಎಂದ ಮೇಲೆ ಹ್ಯಾಂಡ್‌ಬಿಲ್ಲು, ಟಿಕೀಟು, ಹಾಡಿನ ಪುಸ್ತಕ ಬೇಕೇ ಬೇಕು. ಬಯಲಾಟದ ಪ್ರತಿ, ಭಜನೆ ಪದಗಳು, ಕಂಪನಿ ನಾಟಕಗಳು ಶಾಬಾದಿಮಠ ಬುಕ್ ಡಿಪೋದಂಥ ಅಂಗಡಿಗಳಿಂದ ಜಾತ್ರೆ ಜಾತ್ರೆಗೆ ಹೋದವು. ಸಂಕೇಶ್ವರ ಮನೆತನ ಮುದ್ರಣ, ಪ್ರಕಾಶನದಲ್ಲಿ ಬೆಳೆಯಿತು. ಅದೇ ಮನೆಯ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಒಂದು ಲಾರಿಯಿಂದ ಸಾಗಾಣಿಕೆ ಆರಂಭಿಸಿದ್ದೂ ಗದುಗಿನಿಂದಲೇ. ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆ ನೂರಾರು ಪುಸ್ತಕ ತಂದಿತು. ಪಂಚಾಂಗ, ಗೈಡು, ರಶೀದಿ ಪುಸ್ತಕ, ಲಗ್ನಪತ್ರಿಕೆಗಳ ಲೆಕ್ಕವನ್ನು ಇಟ್ಟವರೇ ಇಲ್ಲ.

ಆ ಕಾಲದ ಪ್ರೆಸ್ಸಿನಲ್ಲಿ ಕನ್ನಡ ಅಂದರೆ ಭಾರ. ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಮೊಳೆಗಳು ಮರದ ಕೇಸಿನ ಮನೆಮನೆಯಲ್ಲಿ ಕೂತಿರುತ್ತಿದ್ದವು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ ಸಾಕು. ಕನ್ನಡಕ್ಕೆ ಗುಣಿತ, ಒತ್ತು ಎಲ್ಲ ಸೇರಿ ನೂರಾರು ಮನೆ ಬೇಕು. ಕಂಪೋಜ್ ಮಾಡುವವರು ಕಣ್ಣುಮುಚ್ಚಿ ‘ಕ್ಷ್ಮೇ’ ಎಲ್ಲಿದೆಯೆಂದು ಹೇಳಬಲ್ಲವರಾಗಿದ್ದರು. ತಿರುಗುಮುರುಗಾದ ಅಕ್ಷರವನ್ನು ನೇರ ಓದುವಷ್ಟೇ ಸಲೀಸಾಗಿ ಓದುತ್ತಿದ್ದರು. ಟ್ರೆಡಲ್ ಯಂತ್ರ ಕೆಟ್ಟರೆ ಅದರ ಸದ್ದಿನಲ್ಲೇ ಬೇನೆ ಎಲ್ಲಿದೆಯೆಂದು ಗೊತ್ತಾಗುತ್ತಿತ್ತು. ಯಂತ್ರಕ್ಕೆ ಕಿವಿ ಕೊಡುವ ಈ ಅಭ್ಯಾಸವೇ ಮುಂದೆ ಕಂಪ್ಯೂಟರಿಗೂ ಬಂತು.

ಅದಕ್ಕಿಂತ ಹತ್ತಿರದ ನೆಂಟಸ್ತಿಕೆ ಇರುವುದು ರೇಡಿಯೋ ರಿಪೇರಿಯವರ ಜೊತೆ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಈ ಭಾಗದ ಪೇಟೆಗಳಲ್ಲಿ ರೇಡಿಯೋ ಹೆಚ್ಚಿದವು, ಅವುಗಳ ಹಿಂದೆಯೇ ರಿಪೇರಿ ಅಂಗಡಿಗಳೂ ಬಂದವು. ಬೋರ್‌ವೆಲ್ಲು ಬಂದ ಮೇಲೆ ಮೋಟಾರ್ ರಿವೈಂಡಿಂಗ್ ಅಂಗಡಿ, ಟಿವಿ ಬಂದ ಮೇಲೆ ಸ್ಟೆಬಿಲೈಸರ್ ಕಟ್ಟುವವರು. ಇವರೆಲ್ಲರ ಗೋಡೆಯ ಮೇಲೆ ಒಂದು ವಸ್ತು ತಪ್ಪದೆ ಇರುತ್ತಿತ್ತು: ಸೀರೀಸ್ ಬಲ್ಬು. ನೂರು ವಾಟಿನ ಒಂದು ಬಲ್ಬನ್ನು ಲೈನಿನಲ್ಲಿ ಸಾಲಾಗಿ ಕೂಡಿಸಿ, ಕೆಟ್ಟ ಸಾಮಾನಿಗೆ ಅದರ ಮೂಲಕವೇ ಕರೆಂಟು ಕೊಡುವುದು. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಭಗ್ಗನೆ ಪೂರ್ತಿ ಉರಿಯುತ್ತದೆ, ಸಾಮಾನು ಸುಡುವುದು ತಪ್ಪುತ್ತದೆ. ಒಳಗೆ ಸರಿಯಿದ್ದರೆ ಬಲ್ಬು ಒಮ್ಮೆ ಮಿಂಚಿ ಮಂಕಾಗುತ್ತದೆ. ಎಪ್ಪತ್ತರ ದಶಕದ ರೇಡಿಯೋಕ್ಕೆ ಹಿಡಿದ ಅದೇ ಬಲ್ಬನ್ನು ಪೆಂಟಿಯಂ ಕಾಲದ ಕಂಪ್ಯೂಟರಿನ ಪವರ್ ಸಪ್ಲೈಗೂ ಹಿಡಿದದ್ದು ಈ ಕಸುಬಿನ ದೊಡ್ಡ ಜಾಣತನ ಎನ್ನಬೇಕು.

ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದದ್ದು 1981ರ ಆಗಸ್ಟ್ 12ರಂದು. ಅದರ ಪವರ್ ಸಪ್ಲೈಯ ತಾಕತ್ತು ಬರೀ 63.5 ವಾಟ್, ಆಗಿನ ಮನೆಯ ಒಂದು ಬಲ್ಬಿನಷ್ಟು. ಭಾರತದಲ್ಲಿ 1984ರ ಹೊಸ ಕಂಪ್ಯೂಟರ್ ನೀತಿ ಆಮದಿನ ಬಿಗಿಯನ್ನು ಸಡಿಲಿಸಿತು, 1991ರ ಆರ್ಥಿಕ ಬದಲಾವಣೆ ಬೆಲೆಯನ್ನು ಇನ್ನಷ್ಟು ಕೆಳಗಿಳಿಸಿತು. ಗದುಗಿನಂಥ ಊರಿನ ಪ್ರೆಸ್ಸಿಗೆ ಕಂಪ್ಯೂಟರ್ ಬೇಕೆನ್ನಿಸಲು ಇಷ್ಟೇ ಸಾಲದು, ಅದರೊಳಗೆ ಕನ್ನಡ ಬರಬೇಕಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆಯ ಜೋಡಣೆ ಕನ್ನಡದ ಅಷ್ಟೂ ಅಕ್ಷರಗಳನ್ನು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಹಿಡಿದಿಟ್ಟಿತು. ಶ್ರೀಲಿಪಿ, ಆಕೃತಿ, ಪ್ರಕಾಶಕ ತಂತ್ರಾಂಶಗಳು ಬಂದವು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಪುಟ ಕಟ್ಟಲು ಪೇಜ್‌ಮೇಕರ್ ಇತ್ತು. ಕೇಸಿನ ಮುಂದೆ ನಿಂತು ಕಂಪೋಜ್ ಮಾಡಿದವರ ಮಕ್ಕಳು ಕುರ್ಚಿಯ ಮೇಲೆ ಕೂತು ‘ಡಿಟಿಪಿ’ ಎಂದರು. ಅನಂತ ಸುಬ್ಬರಾಯರ ಕೀಲಿಮಣೆಯಲ್ಲಿ ಕನ್ನಡ ಟೈಪ್ ಕಲಿಸುತ್ತಿದ್ದ ಇನ್‌ಸ್ಟಿಟ್ಯೂಟುಗಳ ಬೋರ್ಡಿನ ಮೇಲೆ ‘ಕಂಪ್ಯೂಟರ್’ ಎಂಬ ಪದ ಹೊಸದಾಗಿ ಸೇರಿತು.

ಮೊದಮೊದಲು ಕಂಪ್ಯೂಟರಿನ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಖಂಡೇ ಪೂಜೆಯ ದಿನ ಟ್ರೆಡಲ್ಲಿಗೆ ಏರಿಸಿದ ಹೂವನ್ನೇ ಸಿಪಿಯು ಮೇಲೂ ಏರಿಸುತ್ತಿದ್ದರು, ವಿಭೂತಿ ಬಳಿದು ಕುಂಕುಮ ಇಡುತ್ತಿದ್ದರು. ರಿಪೇರಿಯವರು ಮುಚ್ಚಳ ಬಿಚ್ಚಿದಾಗ ಮದರ್‌ಬೋರ್ಡಿನ ಮೇಲೆ ಒಣಗಿದ ಚೆಂಡುಹೂವಿನ ಎಸಳು, ಕುಂಕುಮದ ಪುಡಿ ಸಿಗುವುದು ಅಪರೂಪವೇನಲ್ಲ. ಪೂಜೆ ಮಾಡಬೇಡಿರಿ ಎಂದು ಯಾವ ರಿಪೇರಿಯವನೂ ಹೇಳುವುದಿಲ್ಲ. ‘ಹೂವು ಮುಂದ ಇಡ್ರಿ, ಮ್ಯಾಲಿನ ತೂತಿನೊಳಗ ನೀರು ಚಿಮುಕಿಸಬ್ಯಾಡ್ರಿ’ ಎನ್ನುತ್ತಾನೆ.

1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ ಜಿಲ್ಲೆಯಾಯಿತು. ಜಿಲ್ಲೆ ಬಂದರೆ ಕಚೇರಿ ಬರುತ್ತದೆ, ಕಚೇರಿಯ ಜೊತೆ ಕಂಪ್ಯೂಟರ್ ಬರುತ್ತದೆ. ಕಂಪ್ಯೂಟರಿನ ಸಂಬಂಧ ರೈತನಿಗೆ ನೇರ ತಟ್ಟಿದ್ದು ಮಾತ್ರ ‘ಭೂಮಿ’ ಯೋಜನೆಯಿಂದ. ಈ ಶತಮಾನದ ಮೊದಲ ಎರಡು ವರ್ಷಗಳಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ಹೊಲದ ಲೆಕ್ಕ, ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಅಚ್ಚಾದ ಪಹಣಿ ಸಿಗುವಂತಾಯಿತು. ಕೈಬರಹದ ಪಹಣಿಗೆ ಕಾನೂನಿನ ಬೆಲೆ ಹೋಯಿತು. ನಕಲು ತೆಗೆಯುವ ನೌಕರ ಬೆರಳಿನ ಗುರುತು ಕೊಟ್ಟೇ ತಂತ್ರಾಂಶದ ಒಳಗೆ ಹೋಗಬೇಕಿತ್ತು.

ಇದರ ಇನ್ನೊಂದು ಮಗ್ಗಲು ಶಿರಹಟ್ಟಿ, ಮುಂಡರಗಿಗಳ ತಹಶೀಲ್ದಾರ ಕಚೇರಿಯ ಅಂಗಳದಲ್ಲಿ ನಿಂತವರಿಗೆ ಗೊತ್ತು. ಆಗ ಪಹಣಿಯ ಮಾಹಿತಿ ಆಯಾ ತಾಲ್ಲೂಕಿನ ಸರ್ವರ್‌ನಲ್ಲಿಯೇ ಇರುತ್ತಿತ್ತು. ರಾಜ್ಯದ ದತ್ತಾಂಶ ಕೇಂದ್ರಕ್ಕೆ ಹೋದದ್ದು ಆಮೇಲೆ. ಲಕ್ಷ್ಮೇಶ್ವರ ಆಗಿನ್ನೂ ತಾಲ್ಲೂಕಾಗಿರಲಿಲ್ಲ, ಅಲ್ಲಿಯ ರೈತ ಪಹಣಿಗೆಂದು ಶಿರಹಟ್ಟಿಗೆ ಬರಬೇಕು. ಬೆಳೆಸಾಲಕ್ಕೆ ಸೊಸೈಟಿಯಲ್ಲಿ ಪಹಣಿ ಕೇಳುತ್ತಾರೆ. ಏಷ್ಯಾದ ಮೊದಲ ಸಹಕಾರ ಸಂಘ ಎಂದು ಹೆಸರಾದ ಕಣಗಿನಹಾಳದ ಸಂಘ ಹುಟ್ಟಿದ್ದು 1905ರಲ್ಲಿ, ಗದುಗಿನ ಮಗ್ಗುಲಲ್ಲೇ. ಸೊಸೈಟಿ ಸಾಲ ಎನ್ನುವುದು ಇಲ್ಲಿಯ ಒಕ್ಕಲುತನದ ನರನಾಡಿ. ಹೆಸರು ಬಿತ್ತುವ ಹೊತ್ತು ಮೀರುತ್ತಿದೆ, ಮಳೆ ಬಿದ್ದು ಹದವಾಗಿದೆ, ಕಿಟಕಿಯ ಒಳಗಿನ ಕಂಪ್ಯೂಟರ್ ಎದ್ದೇಳುವುದಿಲ್ಲ. ಕೈಬರಹದ ಕಾಲದಲ್ಲಿ ಲೆಕ್ಕಿಗರು ಊರಲ್ಲಿಲ್ಲದಿದ್ದರೆ ಪಹಣಿ ಇಲ್ಲ, ಈಗ ಡಬ್ಬಿಯಲ್ಲಿ ಜೀವವಿಲ್ಲದಿದ್ದರೆ ಪಹಣಿ ಇಲ್ಲ. ಬಸ್ ಚಾರ್ಜು, ಒಂದು ದಿನದ ದುಡಿತ ಎರಡೂ ಹೋದವು. ಮುಂದೆ 2006ರಲ್ಲಿ ಹೋಬಳಿ ಮಟ್ಟಕ್ಕೆ ನೆಮ್ಮದಿ ಕೇಂದ್ರಗಳು ಬಂದಾಗ ದೂರ ಕಡಿಮೆಯಾಯಿತು. ಕರೆಂಟಿನ ಕಾಟ ಹೋಬಳಿಯಲ್ಲಿ ಇನ್ನೂ ಹೆಚ್ಚು.

ಈ ಸೀಮೆಯ ಕಂಪ್ಯೂಟರುಗಳು ಸಾಯುತ್ತಿದ್ದದ್ದು ಹೆಚ್ಚಾಗಿ ಕರೆಂಟಿನಿಂದಲೇ. ಅದೂ ಕರೆಂಟು ಹೋದಾಗಲ್ಲ, ಅದರ ವೋಲ್ಟೇಜು ಏರಿಳಿದಾಗ. ತ್ರೀ ಫೇಸ್ ಬಂತೆಂದರೆ ಹೊಲಹೊಲದ ಪಂಪ್‌ಸೆಟ್ಟು ಒಮ್ಮೆಲೇ ಎದ್ದು ವೋಲ್ಟೇಜನ್ನು ಜಗ್ಗುತ್ತವೆ. ತ್ರೀ ಫೇಸ್ ಹೋದಾಗ ಅವೆಲ್ಲ ಒಟ್ಟಿಗೆ ಕೈಬಿಟ್ಟು ವೋಲ್ಟೇಜು ಜಿಗಿಯುತ್ತದೆ. ಆ ಜಿಗಿತವನ್ನು ಎದೆಯೊಡ್ಡಿ ತಡೆಯುವ ಭಾಗಕ್ಕೆ ಎಸ್‌ಎಂಪಿಎಸ್ ಎಂದು ಹೆಸರು. ಸಿಪಿಯು ಹಿಂಭಾಗದ ಮೂಲೆಯಲ್ಲಿ ಫ್ಯಾನು ಇರುವ ತಗಡಿನ ಪೆಟ್ಟಿಗೆ ಅದು. ಗೋಡೆಯಿಂದ ಬಂದ 230 ವೋಲ್ಟನ್ನು ಅದು ಮೊದಲು ಡಿಸಿ ಮಾಡುತ್ತದೆ. ಆಗ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ತುಂಬಿರುತ್ತದೆ. ಆಮೇಲೆ ಆ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನಿಂದ ಇಳಿಸಿ, 12, 5 ಮತ್ತು 3.3 ವೋಲ್ಟ್ ಮಾಡಿ ಹಂಚುತ್ತದೆ. ಪ್ಲಗ್ ಕಿತ್ತ ಮೇಲೂ ಆ ದೊಡ್ಡ ಕೆಪಾಸಿಟರ್ ಸ್ವಲ್ಪ ಹೊತ್ತು ವಿದ್ಯುತ್ ಹಿಡಿದಿಟ್ಟುಕೊಂಡಿರುತ್ತದೆ. ಶಿಷ್ಯನಿಗೆ ಗುರು ಮೊದಲ ದಿನವೇ ಹೇಳುವ ಮಾತು: ಎಸ್‌ಎಂಪಿಎಸ್ ಬಿಚ್ಚಿದ ಕೂಡಲೇ ಕೈ ಹಾಕಬೇಡ.

ಈ ಪೆಟ್ಟಿಗೆಯ ಹಿಂಬದಿಗೆ ಕೆಂಪು ಬಣ್ಣದ ಚಿಕ್ಕ ಜಾರುಗುಂಡಿ ಇರುತ್ತಿತ್ತು, ಒಂದು ಕಡೆ 115, ಇನ್ನೊಂದು ಕಡೆ 230. ಅಮೆರಿಕದಂಥ ದೇಶಕ್ಕೂ ನಮ್ಮ ದೇಶಕ್ಕೂ ಒಂದೇ ಪೆಟ್ಟಿಗೆ ಹೊಂದಲೆಂದು ಮಾಡಿದ ಏರ್ಪಾಡು ಅದು. ಕಸ ಹೊಡೆಯುವಾಗಲೋ, ಮಕ್ಕಳ ಕುತೂಹಲಕ್ಕೋ ಅದು 115ಕ್ಕೆ ಜಾರಿದ್ದರೆ ಮುಗಿಯಿತು. ಗುಂಡಿ ಒತ್ತಿದ ಕೂಡಲೇ ಪಟಾಕಿಯ ಸದ್ದು, ಸುಟ್ಟ ವಾಸನೆ. ಕಂಪ್ಯೂಟರ್ ಬಂದ ಕೂಡಲೇ ಅನುಭವಸ್ಥರು ಆ ಜಾರುಗುಂಡಿಯ ಮೇಲೆ ಅಂಟುಪಟ್ಟಿ ಹಚ್ಚಿಬಿಡುತ್ತಿದ್ದರು.

ಸಿಪಿಯು ಗುಂಡಿಗೂ ಒಂದು ಇತಿಹಾಸವಿದೆ. ತೊಂಬತ್ತರ ದಶಕದ ಮೊದಲ ಭಾಗದ ಕಂಪ್ಯೂಟರುಗಳಲ್ಲಿ ಆ ಗುಂಡಿ ಮನೆಯ ಲೈಟಿನ ಸ್ವಿಚ್ಚಿನ ಹಾಗೆಯೇ ಕೆಲಸ ಮಾಡುತ್ತಿತ್ತು: 230 ವೋಲ್ಟಿನ ದಪ್ಪ ವೈರು ಮುಂದಿನ ತನಕ ಬಂದಿರುತ್ತಿತ್ತು, ಟಕ್ ಎಂದು ಒತ್ತಿದರೆ ಚಾಲೂ, ಮತ್ತೆ ಒತ್ತಿದರೆ ಬಂದ್. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಹೊಸ ಅಳತೆ ತಂದಿತು. ಅಂದಿನಿಂದ ಗುಂಡಿ ಕರೆಂಟನ್ನು ತಾನೇ ಹಾಯಿಸುವುದಿಲ್ಲ, ಮದರ್‌ಬೋರ್ಡಿಗೆ ಸುದ್ದಿ ಮುಟ್ಟಿಸುತ್ತದೆ ಅಷ್ಟೇ. ಪ್ಲಗ್ ಹಾಕಿದ್ದರೆ ನೇರಳೆ ವೈರಿನಲ್ಲಿ 5 ವೋಲ್ಟ್ ಸದಾ ಎಚ್ಚರವಿರುತ್ತದೆ. ಗುಂಡಿ ಒತ್ತಿದಾಗ ಮದರ್‌ಬೋರ್ಡು ಹಸಿರು ವೈರನ್ನು ಕಪ್ಪಿಗೆ ಕೂಡಿಸುತ್ತದೆ, ಆಗ ಎಸ್‌ಎಂಪಿಎಸ್ ಪೂರ್ತಿ ಎಚ್ಚರಾಗುತ್ತದೆ. ಎದ್ದ ಮೇಲೆ ತನ್ನ ವೋಲ್ಟೇಜೆಲ್ಲ ಸರಿಯಾಗಿ ನಿಂತಿದೆಯೆಂದು ಅರ್ಧ ಸೆಕೆಂಡಿನ ಒಳಗೆ ಬೂದು ವೈರಿನಲ್ಲಿ ತಿರುಗಿ ಹೇಳುತ್ತದೆ. ಆ ಮಾತು ಬರುವ ತನಕ ಪ್ರೊಸೆಸರ್ ಹೆಜ್ಜೆ ಕಿತ್ತಿಡುವುದಿಲ್ಲ.

ಬಣ್ಣಗಳ ಈ ಗುಟ್ಟು ತಿಳಿದವನಿಗೆ ಒಂದು ಯು ಪಿನ್ನು ಸಾಕು. ಪ್ರೆಸ್ಸಿನ ಮೇಜಿನ ಮೇಲೆ ಅದಕ್ಕೇನು ಬರ! ಮದರ್‌ಬೋರ್ಡಿನ ದೊಡ್ಡ ಪ್ಲಗ್ ಕಿತ್ತು, ಯು ಪಿನ್ನು ನೆಟ್ಟಗೆ ಮಾಡಿ, ಒಂದು ತುದಿ ಹಸಿರಿನ ತೂತಿಗೆ, ಇನ್ನೊಂದು ತುದಿ ಕಪ್ಪಿನ ತೂತಿಗೆ ಸಿಕ್ಕಿಸಿ ಆಮೇಲೆ ಕರೆಂಟು ಕೊಡುತ್ತಾರೆ. ಎಸ್‌ಎಂಪಿಎಸ್ ಫ್ಯಾನು ಗಿರ್ರನೆ ತಿರುಗಿದರೆ ಬೇನೆ ಬೇರೆ ಕಡೆ ಇದೆ ಎಂದು ಮೊದಲ ಊಹೆ. ತಿರುಗದಿದ್ದರೆ ಪೆಟ್ಟಿಗೆಯನ್ನೇ ಬದಲಿಸಬೇಕು. ಗೋಡೆಯ ಪ್ಲಗ್ಗಿನಿಂದ ಕೀಬೋರ್ಡಿನ ತನಕ ಇರುವ ಹತ್ತಾರು ಸಂಶಯಗಳನ್ನು ಈ ಒಂದು ಪರೀಕ್ಷೆ ಎರಡು ಪಾಲು ಮಾಡಿಬಿಡುತ್ತದೆ.

‘ಚಾಲೂ ಆಗವಲ್ದು’ ಎಂಬ ಒಂದೇ ಮಾತಿಗೆ ಮೂರು ಅರ್ಥ ಇವೆ. ಒಂದು, ಜೀವವೇ ಇಲ್ಲ. ಎರಡು, ಫ್ಯಾನು ತಿರುಗುತ್ತದೆ, ಮಾನಿಟರ್ ಕಪ್ಪಗೆ ನಿಂತಿದೆ. ಮೂರು, ಅಕ್ಷರ ಮೂಡುತ್ತವೆ, ವಿಂಡೋಸ್ ಬರುತ್ತಿಲ್ಲ. ಒಳ್ಳೆಯ ರಿಪೇರಿಯವನು ಫೋನಿನಲ್ಲೇ ಇದನ್ನು ಬಿಡಿಸಿಕೊಳ್ಳುತ್ತಾನೆ: ‘ಫ್ಯಾನ್ ಸೌಂಡ್ ಬರಾಕತ್ತೈತೇನ್ರಿ? ಬೀಪ್ ಅಂತೈತೇನ್ರಿ?’ ಒಂದೇ ಒಂದು ಚಿಕ್ಕ ಬೀಪ್ ಬಂದರೆ ಒಳಗಿನ ಸ್ವಯಂಪರೀಕ್ಷೆ ಪಾಸಾಯಿತು ಎಂದರ್ಥ. ಉದ್ದುದ್ದ ಬೀಪ್ ಎಡೆಬಿಡದೆ ಬರುತ್ತಿದ್ದರೆ ಹೆಚ್ಚಾಗಿ ರ‍್ಯಾಮ್ ಕೂತಿಲ್ಲ. ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಮೆತ್ತಗೆ ಉಜ್ಜಿ, ರಬ್ಬರಿನ ಪುಡಿಯನ್ನು ಬ್ರಷ್ಷಿನಿಂದ ಕೊಡವಿ, ಎರಡೂ ಕಡೆಯ ಕಿವಿ ಟಕ್ ಎನ್ನುವ ಹಾಗೆ ಮತ್ತೆ ಒತ್ತಿ ಕೂಡಿಸುತ್ತಾರೆ. ಎಷ್ಟೋ ಕಂಪ್ಯೂಟರುಗಳು ಈ ಎರಡು ರೂಪಾಯಿಯ ರಬ್ಬರಿಗೇ ಎದ್ದು ಕೂತಿವೆ.

ರ‍್ಯಾಮ್ ಹಲ್ಲುಗಳು ಮಾಸಲು ಧೂಳೂ ಕಾರಣ. ಎರಿ ಮಣ್ಣಿನ ಸೀಮೆ ಇದು. ಬೇಸಿಗೆಯಲ್ಲಿ ಬಿರಿದ ಹೊಲದ ನುಣುಪು ಪುಡಿ ಗಾಳಿಗೆ ಎದ್ದು ಊರೊಳಗೆ ಬರುತ್ತದೆ. ಕಪ್ಪತಗುಡ್ಡದ ಗಾಳಿ ಎಷ್ಟು ಬಲವೆಂದರೆ ಅಲ್ಲಿ ಸಾಲುಸಾಲಾಗಿ ಗಾಳಿಯಂತ್ರ ನೆಟ್ಟಿದ್ದಾರೆ. ಜಿನ್ನಿಂಗ್ ಇರುವ ಓಣಿಯಲ್ಲಾದರೆ ಹತ್ತಿಯ ನವಿರೂ ಸೇರುತ್ತದೆ. ಪ್ರೊಸೆಸರ್ ಮೇಲಿನ ಹೀಟ್ ಸಿಂಕಿನ ರೆಕ್ಕೆಗಳ ನಡುವೆ ಹತ್ತಿ, ಮಣ್ಣು, ಪ್ರೆಸ್ಸಿನ ಕಾಗದದ ಪುಡಿ ಸೇರಿ ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿರುತ್ತದೆ. ಗಾಳಿಯಾಡದೆ ಪ್ರೊಸೆಸರ್ ಕಾದು, ಕಂಪ್ಯೂಟರ್ ಎದ್ದ ಹಾಗೆ ಎದ್ದು ಒಂದು ನಿಮಿಷದಲ್ಲಿ ಮಲಗಿಬಿಡುತ್ತದೆ. ಬ್ಲೋವರ್ ಹಿಡಿದು ಅಂಗಳದಲ್ಲಿ ಊದಿದಾಗ ಹೊರಗೆ ಬೀಳುವ ಆ ಬೂದುಬಣ್ಣದ ಮುದ್ದೆಯಲ್ಲಿ ಊರಿನ ಒಕ್ಕಲುತನ, ಪೇಟೆ, ಮುದ್ರಣ ಮೂರೂ ಇರುತ್ತವೆ.

ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯದು ಇನ್ನೊಂದು ಕತೆ. ಸಿಆರ್ 2032 ಎಂದು ಅದರ ಹೆಸರು. ಹೆಸರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಕೊಡುವುದು 3 ವೋಲ್ಟ್. ಕಂಪ್ಯೂಟರ್ ಬಂದ್ ಇದ್ದಾಗಲೂ ಗಡಿಯಾರ ನಡೆಸುವುದು ಇದರ ಕೆಲಸ. ಇದು ಸತ್ತರೆ ಬೆಳಿಗ್ಗೆ ಎದ್ದ ಕಂಪ್ಯೂಟರ್ ತಾನು ಹುಟ್ಟಿದ ವರ್ಷಕ್ಕೆ ಹೋಗಿ ನಿಲ್ಲುತ್ತದೆ. ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ತಕರಾರು ತೆಗೆದು, ಎಫ್ 1 ಕೀಲಿ ಒತ್ತುವ ತನಕ ಮುಂದೆ ಹೋಗುವುದಿಲ್ಲ. ಕೆಲವು ಹಳೆ ಬೋರ್ಡುಗಳು ಈ ಬ್ಯಾಟರಿ ಸತ್ತರೆ ಏಳುವುದೇ ಇಲ್ಲ. ಕೈಗಡಿಯಾರದ ಅಂಗಡಿಯಲ್ಲೂ ಸಿಗುವ ಒಂದು ಬಿಲ್ಲೆಗಾಗಿ ಇಡೀ ಕಂಪ್ಯೂಟರನ್ನು ಗುಜರಿಗೆ ಹಾಕಿದವರಿದ್ದಾರೆ ಎನ್ನುವುದು ನಿಜಕ್ಕೂ ಹೊಟ್ಟೆ ಉರಿಯುವ ಸಂಗತಿ.

2000ದ ಆಚೀಚೆಗೆ ಜಗತ್ತಿನ ತುಂಬ ಒಂದು ಪಿಡುಗು ಹರಡಿತ್ತು, ಅದು ಗದುಗಿಗೂ ಬಂತು. ಆ ಕಾಲದ ಮದರ್‌ಬೋರ್ಡುಗಳಲ್ಲಿ ಬಳಸಿದ ಅನೇಕ ಕೆಪಾಸಿಟರುಗಳ ಒಳಗಿನ ರಸಾಯನ ದೋಷದ್ದಾಗಿತ್ತು. ಎರಡು ಮೂರು ವರ್ಷಕ್ಕೇ ಒಳಗೆ ಅನಿಲ ತುಂಬಿ, ತಗಡಿನ ಚಪ್ಪಟೆ ತಲೆ ಉಬ್ಬಿ, ಕಂದು ರಸ ಒಸರುತ್ತಿತ್ತು. ದೊಡ್ಡ ದೊಡ್ಡ ಕಂಪನಿಗಳು ಬೋರ್ಡು ಬದಲಿಸಿ ಕೊಡಬೇಕಾಯಿತು. ಆದರೆ ಗ್ಯಾರಂಟಿ ಮುಗಿದ, ಬಿಡಿಭಾಗ ಕೂಡಿಸಿ ಕಟ್ಟಿದ ಕಂಪ್ಯೂಟರಿಗೆ ಯಾರು ಬದಲಿಸಿ ಕೊಡುತ್ತಾರೆ? ಆಗ ಕೈಹಿಡಿದದ್ದು ಟಿವಿ, ರೇಡಿಯೋ ರಿಪೇರಿಯವರು. ಉಬ್ಬಿದ ಕೆಪಾಸಿಟರನ್ನು ಬೆಸುಗೆ ಕಾಯಿಸಿ ಕಿತ್ತು, ಅದೇ ಮೌಲ್ಯದ ಹೊಸದನ್ನು ಮೈನಸ್ ಗೆರೆ ನೋಡಿ ಕೂಡಿಸಿ ಬೆಸೆದರು. ಬೇಕಾದ ಬಿಡಿಭಾಗ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿತ್ತು, ಅಲ್ಲೂ ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ. ಕಂಪ್ಯೂಟರ್ ಕಲಿತವರು ‘ಬೋರ್ಡು ಹೋಗಿದೆ’ ಎಂದು ಕೈಬಿಟ್ಟದ್ದನ್ನು ಬೆಸುಗೆಯ ಕಾವಿಗೆ ಪಳಗಿದವರು ಉಳಿಸಿದರು.

ಹೊಸ ಕಂಪ್ಯೂಟರ್ ಅಗ್ಗವಾದ ಮೇಲೂ ಹಳೆಯದಕ್ಕೆ ಇಷ್ಟು ಒದ್ದಾಟ ಯಾಕೆ ಎಂದು ಹೊರಗಿನವರು ಕೇಳುವುದುಂಟು. ಬಡತನ ಎಂಬ ಉತ್ತರ ಅರ್ಧ ಮಾತ್ರ ನಿಜ. ಉಳಿದರ್ಧ ಕನ್ನಡದ ಅಕ್ಷರಗಳಲ್ಲಿದೆ.

ಡಿಟಿಪಿಯ ಮೊದಲ ತಲೆಮಾರಿನ ತಂತ್ರಾಂಶಗಳು ಕನ್ನಡವನ್ನು ಕನ್ನಡವಾಗಿ ಉಳಿಸಿಡಲಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂಡಿಸಿದವು. ಒಂದು ಫಾಂಟಿನಲ್ಲಿ ‘ಕ’ ಇರುವ ಮನೆಯಲ್ಲಿ ಇನ್ನೊಂದರಲ್ಲಿ ಬೇರೇನೋ ಇರುತ್ತದೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡದ ತುಂಗಾ ಫಾಂಟು ಬಂದದ್ದು 2001ರ ಎಕ್ಸ್‌ಪಿ ಜೊತೆ. ಪೇಜ್‌ಮೇಕರಿಗೆ ಅದೇ 2001ರ ಏಳನೆಯ ಆವೃತ್ತಿಯೇ ಕೊನೆಯದಾಯಿತು, ಅದು ಯೂನಿಕೋಡ್ ಕನ್ನಡವನ್ನು ಕಲಿಯಲೇ ಇಲ್ಲ. ಇದರ ಮೇಲೆ ಬೀಗ ಬೇರೆ: ಕೆಲವು ಕನ್ನಡ ತಂತ್ರಾಂಶಗಳು ಬೆರಳುದ್ದದ ಒಂದು ಲಾಕ್ ಜೊತೆ ಬರುತ್ತಿದ್ದವು. ಅದನ್ನು ಹಿಂದಿನ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದರೆ ಮಾತ್ರ ತಂತ್ರಾಂಶ ತೆರೆದುಕೊಳ್ಳುತ್ತದೆ. ಇಪ್ಪತ್ತೈದು ಸೂಜಿಗಳ ಆ ಪೋರ್ಟು ಇವತ್ತಿನ ಕಂಪ್ಯೂಟರಿನಲ್ಲಿ ಇಲ್ಲ.

ಹೀಗಾಗಿ ಪ್ರೆಸ್ಸಿನ ಮೂಲೆಯಲ್ಲಿ ಕೂತ ಹಳದಿಗಟ್ಟಿದ ಸಿಪಿಯು ಒಂದು ಭಂಡಾರ. ವಿಂಡೋಸ್ 98ಕ್ಕೆ ತಯಾರಕರ ಬೆಂಬಲ 2006ರಲ್ಲಿ ನಿಂತಿತು, ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ. ಆದರೆ ಹತ್ತಾರು ವರ್ಷದ ಲಗ್ನಪತ್ರಿಕೆ, ಮಠದ ಜಾತ್ರೆಯ ಆಮಂತ್ರಣ, ಸಂಘದ ವಾರ್ಷಿಕ ವರದಿ, ಬಯಲಾಟದ ಪ್ರತಿ, ಊರ ಕವಿಯ ಒಂದೇ ಒಂದು ಸಂಕಲನ, ಇವೆಲ್ಲ ಹಳೆಯ ಫಾಂಟಿನಲ್ಲಿ, ಹಳೆಯ ಬೀಗದ ಹಿಂದೆ, ಆ ಒಂದೇ ಡಬ್ಬಿಯಲ್ಲಿ ಇರುತ್ತವೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡೆಂದು ಹೆಸರಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇವತ್ತಿನ ಲಕ್ಷ್ಮೇಶ್ವರ. ಅಲ್ಲಿಯ ಸೋಮೇಶ್ವರ ಗುಡಿಯ ಶಾಸನವನ್ನು ಇವತ್ತಿಗೂ ಬೆರಳಿಟ್ಟು ಓದಬಹುದು. ಇಪ್ಪತ್ತು ವರ್ಷದ ಹಿಂದೆ ಅದೇ ಊರಿನ ಪ್ರೆಸ್ಸಿನಲ್ಲಿ ಜೋಡಿಸಿದ ಪುಟ ಓದಬೇಕೆಂದರೆ ಒಂದು ಎಸ್‌ಎಂಪಿಎಸ್ ಜೀವ ಹಿಡಿದಿರಬೇಕು. ಪಹಣಿಗೆ ಸರ್ಕಾರ ನಕಲಿನ ಮೇಲೆ ನಕಲು ಇಟ್ಟುಕೊಂಡಿದೆ, ಒಳ್ಳೆಯದೇ ಆಯಿತು. ಊರ ಪ್ರೆಸ್ಸಿನ ಕನ್ನಡಕ್ಕೆ ಅಂಥ ಕಾವಲು ಸಿಗಲಿಲ್ಲ. ಅದರ ಕಾವಲನ್ನು ಸಂಬಳವಿಲ್ಲದೆ ಹೊತ್ತವರು ಈ ರಿಪೇರಿಯವರು.

ಬೋರ್ಡು ಪೂರ್ತಿ ಸತ್ತರೂ ಹಾರ್ಡ್ ಡಿಸ್ಕು ಬದುಕಿರಬಹುದು ಎಂದು ಗಿರಾಕಿಗೆ ತಿಳಿಸಿ ಹೇಳುವವರೂ ಇವರೇ. ನಲವತ್ತು ಸೂಜಿಯ ಪಟ್ಟಿ ಕೇಬಲ್ಲಿನ ಹಳೆ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಅಡಾಪ್ಟರಿಗೆ ಕೂಡಿಸಿ, ಫಾಂಟಿನ ಫೋಲ್ಡರ್ ಸಮೇತ ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಕೊಳ್ಳುತ್ತಾರೆ. ಫಾಂಟು ಮರೆತು ಫೈಲಷ್ಟೇ ತಂದರೆ ಬೀಜ ಬಿಟ್ಟು ಹೊಟ್ಟು ತಂದ ಹಾಗೆ. ಹಳೆಯ ಸಂಕೇತದಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಈಗ ಇವೆ, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವುತ್ತವೆ. ಕಂಪೋಜ್ ಕಾಲದ ಕರಡು ತಿದ್ದುವ ಕಣ್ಣು ಮತ್ತೆ ಬೇಕಾಗುತ್ತದೆ.

ಇ-ತ್ಯಾಜ್ಯದ ಮೊದಲ ನಿಯಮಗಳು ದೇಶದಲ್ಲಿ 2012ರ ಮೇ ತಿಂಗಳಿಂದ ಜಾರಿಗೆ ಬಂದವು. ಗುಜರಿಯವರು ಮಾತ್ರ ಅದಕ್ಕೂ ಮೊದಲಿನಿಂದ ಓಣಿಗೆ ಬಂದು ಮದರ್‌ಬೋರ್ಡನ್ನು ತೂಕಕ್ಕೆ ಕೊಳ್ಳುತ್ತಿದ್ದಾರೆ. ರಿಪೇರಿ ಅಂಗಡಿಯ ಅಟ್ಟ ಈ ತೂಕಕ್ಕೆ ಬಗ್ಗಿಲ್ಲ. ಅಲ್ಲಿ ವೈರು ಸುತ್ತಿಟ್ಟ ಎಸ್‌ಎಂಪಿಎಸ್‌ಗಳು, ಡಬ್ಬಿ ತುಂಬ ಹಳೆ ರ‍್ಯಾಮು, ಪ್ರಿಂಟರ್ ಪೋರ್ಟ್ ಇರುವ ಎರಡು ಮೂರು ಬೋರ್ಡು, ಪಿನ್ನು ಬಾಗದಂತೆ ಥರ್ಮಕೋಲಿಗೆ ಚುಚ್ಚಿಟ್ಟ ಪ್ರೊಸೆಸರುಗಳು ಕಾಯುತ್ತಿರುತ್ತವೆ. ಇಂಥ ಬೋರ್ಡಿಗೆ ಇಂಥದ್ದೇ ರ‍್ಯಾಮು ಒಗ್ಗುತ್ತದೆ ಎಂಬ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ, ಅಂಗಡಿಯವನ ತಲೆಯಲ್ಲಿದೆ.

ಪ್ರೆಸ್ಸಿಗೆ ಅವನು ಬಂದಾಗ ಮುಂಡರಗಿಯ ಹಿರಿಯರು ಎರಡನೆಯ ಚಹಾ ಮುಗಿಸಿರುತ್ತಾರೆ. ಮುಚ್ಚಳದ ಸ್ಕ್ರೂಗಳನ್ನು ಬಾಟಲಿಯ ಬಿರಡೆಯಲ್ಲಿ ಹಾಕಿಟ್ಟು, ಮೊದಲು ಮೂಸಿ ನೋಡುತ್ತಾನೆ. ಸುಟ್ಟ ವಾಸನೆ ಇಲ್ಲ. ಯು ಪಿನ್ನಿಗೆ ಫ್ಯಾನು ತಿರುಗುವುದಿಲ್ಲ. ಚೀಲದಿಂದ ಇನ್ನೊಂದು ಎಸ್‌ಎಂಪಿಎಸ್ ತೆಗೆದು, ಪೆಟ್ಟಿಗೆಗೆ ಕೂಡಿಸುವ ಮೊದಲು ಮೇಜಿನ ಮೇಲಿಟ್ಟೇ ವೈರು ಸಿಕ್ಕಿಸಿ ಗುಂಡಿ ಒತ್ತುತ್ತಾನೆ. ಫ್ಯಾನು ಎದ್ದು ಧೂಳು ಹಾರುತ್ತದೆ, ಒಂದು ಚಿಕ್ಕ ಬೀಪ್ ಬರುತ್ತದೆ, ಪರದೆಯ ಮೇಲೆ ತಾರೀಖು 2002ನೇ ಇಸವಿ ಎಂದು ತೋರಿಸುತ್ತದೆ. ಬ್ಯಾಟರಿಯನ್ನೂ ಬದಲಿಸಬೇಕೆಂದು ಅವನು ಹೇಳುವಷ್ಟರಲ್ಲಿ ಡಿಟಿಪಿ ಹುಡುಗ ಎಫ್ 1 ಒತ್ತಿ, ಪೇಜ್‌ಮೇಕರ್ ತೆರೆದು, ಹಿರಿಯರ ದೊಡ್ಡ ಮಗಳ ಲಗ್ನಪತ್ರಿಕೆಯ ಹಳೆ ಫೈಲನ್ನು ಹುಡುಕುತ್ತಿರುತ್ತಾನೆ. ಮನೆದೇವರು ಅದೇ, ಸುಖಾಗಮನ ಬಯಸುವವರೂ ಹೆಚ್ಚುಕಡಿಮೆ ಅವರೇ. ವಧೂವರರ ಹೆಸರು, ತಾರೀಖು, ತಿಥಿಗಳನ್ನು ಅಳಿಸಿ ಹೊಸದಾಗಿ ಕೂಡಿಸತೊಡಗುತ್ತಾನೆ.